ಮೊಸಳೆಗೆ ಹತ್ತಿರದ ನೆಂಟ ಯಾರು, ಹಲ್ಲಿಯೋ ಕೋಳಿಯೋ?

ಬಸವನಗುಡಿ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸ್. ಬೆನ್ನುಮೂಳೆ ಇರುವ ಪ್ರಾಣಿಗಳ ಚಾರ್ಟ್ ಮಾಡಿಕೊಂಡು ಬನ್ನಿ ಅಂತ ಶಾಲೆಯಲ್ಲಿ ಹೇಳಿದ್ದರು. ಬೇರೆ ಮಕ್ಕಳೆಲ್ಲ ಐದು ಚೌಕ ಬರೆದು ಮೀನು, ಉಭಯವಾಸಿ, ಸರೀಸೃಪ, ಪಕ್ಷಿ, ಸಸ್ತನಿ ಅಂತ ಚಿತ್ರ ಅಂಟಿಸಿದ್ದಾರೆ. ಇವಳು ಮಾತ್ರ ಮರದ ಹಾಗೆ ಕೊಂಬೆಗಳನ್ನು ಬರೆದಳು. ಪಕ್ಷಿಗಳನ್ನು ಸರೀಸೃಪದ ಕೊಂಬೆಯೊಳಗೇ ಇಟ್ಟಳು. ಮೊಸಳೆಯ ಪಕ್ಕದಲ್ಲಿ ಕೋಳಿ, ಹಲ್ಲಿ ಹಾವು ಎಲ್ಲ ಆಚೆ ಕೊಂಬೆಯಲ್ಲಿ. ಟೀಚರ್ ಕೆಂಪು ಇಂಕಿನಲ್ಲಿ ಗೀಟು ಹಾಕಿ ಅರ್ಧಕ್ಕರ್ಧ ಮಾರ್ಕ್ಸ್ ಕಳೆದಿದ್ದಾರೆ. "ಪುಸ್ತಕದಲ್ಲಿ ಇರುವುದು ಐದೇ ವರ್ಗ" ಅಂತ ಕೆಳಗೆ ಬರೆದಿದ್ದಾರೆ.

ನಾನು ಓದಿದ್ದು ಬಿಕಾಂ. ನನಗೂ ಐದು ವರ್ಗ ಅಂತಲೇ ನೆನಪು. ಅವಳು ಎಲ್ಲೋ ವಿಡಿಯೋ ನೋಡಿ ಬರೆದದ್ದು ಸರಿಯಾ? ಸರಿಯಾದರೆ ಯಾಕೆ ಸರಿ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಹೆಬ್ಬಾಳ ಹಕ್ಕಿಮನೆ
ಕೋಳಿ. ಕಣ್ಣುಮುಚ್ಚಿ ಕೋಳಿ. ನಿಮ್ಮ ಮಗಳಿಗೆ ನನ್ನ ಶಹಬ್ಬಾಸ್ ಹೇಳಿ.

ರಾಜಾಜಿನಗರ ರಾಯರು
ಇದೇನ್ರೀ? ನಾಲ್ಕು ಕಾಲು, ಉದ್ದ ಬಾಲ, ಒರಟು ಚರ್ಮ, ಹೊಟ್ಟೆ ಎಳೆದುಕೊಂಡು ನಡಿಗೆ. ಮೊಸಳೆ ಹಲ್ಲಿಯ ಹಾಗಿಲ್ಲದೆ ಕೋಳಿಯ ಹಾಗಿದೆಯಾ? ಕಣ್ಣಿಗೆ ಕಾಣುವುದನ್ನು ಬಿಟ್ಟು ವಾದ ಮಾಡಬಾರದು.

ಹೆಬ್ಬಾಳ ಹಕ್ಕಿಮನೆ
ರಾಯರೇ, ಕಣ್ಣಿಗೆ ಕಾಣುವುದನ್ನೇ ನಂಬಿದರೆ ತಿಮಿಂಗಿಲ ಮೀನಾಗುತ್ತೆ, ಬಾವಲಿ ಹಕ್ಕಿಯಾಗುತ್ತೆ. ಜೀವಿಗಳ ವರ್ಗೀಕರಣಕ್ಕೆ ತಳಪಾಯ ಹಾಕಿದ ಲಿನ್ನೇಯಸ್‌ನಂಥವನೇ 1735ರಲ್ಲಿ ತಿಮಿಂಗಿಲವನ್ನು ಮೀನಿನ ಜೊತೆ ಇಟ್ಟಿದ್ದ. 1758ರ ಆವೃತ್ತಿಯಲ್ಲಿ ಅದನ್ನು ಸಸ್ತನಿಗಳಿಗೆ ಸೇರಿಸಿದ. ವರ್ಗೀಕರಣ ಶುರುವಾದ ಕಾಲದಿಂದಲೂ ಪಟ್ಟಿ ಬದಲಾಗುತ್ತಲೇ ಇದೆ.

ಈಗ ಮೊಸಳೆ ವಿಷಯ. ಹಲ್ಲಿಯ ಹೃದಯಕ್ಕೆ ಮೂರು ಕೋಣೆ. ಮೊಸಳೆಗೆ ಹಕ್ಕಿಯ ಹಾಗೆ ನಾಲ್ಕು. ಮೊಸಳೆ ಗೂಡು ಕಟ್ಟಿ ಕಾಯುತ್ತೆ. ಮರಿಗಳು ಮೊಟ್ಟೆಯೊಳಗಿಂದಲೇ ಕೂಗುತ್ತವೆ, ತಾಯಿ ಅಗೆದು ತೆಗೆದು ಬಾಯಲ್ಲಿಟ್ಟುಕೊಂಡು ನೀರಿಗೆ ಬಿಡುತ್ತೆ. ಹಲ್ಲಿ, ಹಾವುಗಳ ಪೂರ್ವಜರು ಬೇರೆ ದಾರಿ ಹಿಡಿದು ಎಷ್ಟೋ ಕಾಲ ಆದ ಮೇಲೆ, ಸುಮಾರು 25 ಕೋಟಿ ವರ್ಷಗಳ ಹಿಂದೆ, ಮೊಸಳೆಯ ಕವಲು ಮತ್ತು ಹಕ್ಕಿಯ ಕವಲು ಬೇರೆಯಾದವು. ಹಕ್ಕಿಯ ಕವಲಿನಲ್ಲೇ ಡೈನೋಸಾರ್‌ಗಳು ಬಂದವು. ಅವುಗಳಲ್ಲಿ ಉಳಿದುಕೊಂಡ ಒಂದು ಗುಂಪೇ ಇವತ್ತಿನ ಹಕ್ಕಿಗಳು. ಇದು ಬರೀ ಊಹೆ ಅಲ್ಲ. 1861ರಲ್ಲಿ ಜರ್ಮನಿಯಲ್ಲಿ ಆರ್ಕಿಯಾಪ್ಟೆರಿಕ್ಸ್ ಅನ್ನುವ ಪಳೆಯುಳಿಕೆ ಸಿಕ್ಕಿತು, ಸುಮಾರು 15 ಕೋಟಿ ವರ್ಷ ಹಳೆಯದು. ಗರಿ ಇದೆ, ಬಾಯಲ್ಲಿ ಹಲ್ಲೂ ಇದೆ, ಮೂಳೆಯ ಉದ್ದ ಬಾಲವೂ ಇದೆ. 1996ರಲ್ಲಿ ಚೀನಾದಲ್ಲಿ ಸೈನೋಸಾರಾಪ್ಟೆರಿಕ್ಸ್ ಬಂತು. ಹಾರಲಾರದ ಡೈನೋಸಾರ್, ಆದರೂ ಮೈತುಂಬ ನಯವಾದ ತುಪ್ಪಳದಂಥ ಗರಿ.

ಮಲ್ಲೇಶ್ವರ 8ನೇ ಕ್ರಾಸ್
ಇನ್ನೊಂದು ಸೇರಿಸಿ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತೆ. ಮೊಸಳೆ ಜಾತಿಯ ಆಲಿಗೇಟರ್‌ನಲ್ಲೂ ಹಾಗೇ ಅಂತ 2010ರಲ್ಲಿ ಗೊತ್ತಾಯಿತು. ಇದಕ್ಕಿಂತ ಸಾಕ್ಷಿ ಬೇಕಾ?

ಕಪ್ಪೆ ಹುಡುಕುವವ
ಆ ಸಾಕ್ಷಿ ಇಲ್ಲಿ ನಿಲ್ಲಲ್ಲ ಗುರು. ಆಮೇಲೆ ಉಡದಲ್ಲೂ ಅದೇ ಥರ ಗಾಳಿ ಹರಿಯುವುದು ಕಂಡಿತು. ಉಡ ಹಲ್ಲಿಯ ಕಡೆಯದು. ಎರಡೂ ಕಡೆ ಇರುವ ಗುಣ ಯಾರು ಯಾರಿಗೆ ಹತ್ತಿರ ಅಂತ ಹೇಳಲ್ಲ. ತಲೆಬುರುಡೆ, ಕಣಕಾಲಿನ ಮೂಳೆ, ಡಿಎನ್‌ಎ ನೋಡಬೇಕು. ಮೂರೂ ಮೊಸಳೆ ಮತ್ತು ಹಕ್ಕಿಯನ್ನೇ ಒಟ್ಟಿಗೆ ಇಡುತ್ತವೆ.

ನಿವೃತ್ತ ಟೀಚರ್, ವಿಜಯನಗರ
ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಆ ಟೀಚರ್ ಪರ ಒಂದು ಮಾತು. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಮೊದಲು ಐದು ಗುಂಪು ಗಟ್ಟಿಯಾಗಬೇಕು. ಕಿವಿರಲ್ಲಿ ಉಸಿರಾಡುತ್ತಾ, ಮೊಟ್ಟೆಗೆ ಗಟ್ಟಿ ಕವಚ ಇದೆಯಾ, ಮೈಮೇಲೆ ಕೂದಲಾ ಗರಿಯಾ, ಹಾಲು ಕುಡಿಸುತ್ತಾ ಅಂತ ನೋಡಲು ಕಲಿಯಬೇಕು. ನೋಡುವುದನ್ನೇ ಕಲಿಯದ ಮಗುವಿಗೆ ನೇರವಾಗಿ ಮರ ಬರೆಸಿದರೆ ಅದೂ ಬಾಯಿಪಾಠವೇ ಆಗುತ್ತೆ. ಮಾರ್ಕ್ಸ್ ಕಳೆದದ್ದು ಅನ್ಯಾಯ, ಒಪ್ಪುತ್ತೇನೆ. ಆದರೆ ಐದು ವರ್ಗ ಸುಳ್ಳು ಅಂತ ಮಕ್ಕಳ ಮುಂದೆ ಹೇಳಬೇಡಿ.

ಕಪ್ಪೆ ಹುಡುಕುವವ
ಟೀಚರ್, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಪಕ್ಷಿ ಸರಿಯಾದ ಗುಂಪು. ಸಸ್ತನಿ ಸರಿಯಾದ ಗುಂಪು. "ಸರೀಸೃಪ" ಅನ್ನುವುದು ಹಕ್ಕಿಯನ್ನು ಹೊರಗೆ ಹಾಕಿದರೆ ಅರ್ಧ ಗುಂಪು. "ಮೀನು" ಅಂತೂ ಗುಂಪೇ ಅಲ್ಲ. ಆಸ್ಟ್ರೇಲಿಯಾ, ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿ ಶ್ವಾಸಕೋಶ ಇರುವ ಮೀನುಗಳಿವೆ. ಅವು ಭೂತಾಯಿ ಮೀನಿಗಿಂತ ನಮಗೆ, ಅಂದರೆ ನಿಮಗೆ ನನಗೆ, ಹತ್ತಿರದ ನೆಂಟರು. ಮೀನು ಅನ್ನುವ ಚೌಕದಲ್ಲಿ ಅವನ್ನು ಹಾಕಿ ನಮ್ಮನ್ನು ಹೊರಗಿಟ್ಟರೆ ಅದು ವಂಶದ ಲೆಕ್ಕ ಅಲ್ಲ, ರೂಪದ ಲೆಕ್ಕ.

ಅಣ್ಣತಮ್ಮಂದಿರಲ್ಲಿ ಒಬ್ಬ ಅಮೆರಿಕಕ್ಕೆ ಹೋಗಿ ಸೂಟು ಹಾಕಿಕೊಂಡ ಅಂತ ಮನೆಯ ವಂಶವೃಕ್ಷದಿಂದ ಅವನ ಹೆಸರು ಹೊಡೆದು ಹಾಕುತ್ತೇವಾ? ಹಕ್ಕಿಗೆ ನಾವು ಮಾಡಿರುವುದು ಅದೇ. ಹೆನ್ನಿಗ್ ಅನ್ನುವ ಜರ್ಮನ್ ಕೀಟಶಾಸ್ತ್ರಜ್ಞ 1950ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದ. ಒಂದು ಪೂರ್ವಜ, ಅದರಿಂದ ಬಂದ ಎಲ್ಲ ಸಂತಾನ, ಒಬ್ಬರನ್ನೂ ಬಿಡದೆ. ಅದು ಗುಂಪು.

ನಿವೃತ್ತ ಟೀಚರ್, ವಿಜಯನಗರ
ಹೆನ್ನಿಗ್ ಸರಿ ಕಣಪ್ಪ. ಆದರೆ ಮರ ಹೇಳಿಕೊಡಲು ಮೊದಲು ಜೀವವಿಕಾಸದ ಪಾಠ ಇರಬೇಕಲ್ಲ? 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿ ವಿಜ್ಞಾನದಿಂದ ಆ ಭಾಗವನ್ನೇ ತೆಗೆಯಿತು. ಪಿಯುಸಿಯಲ್ಲಿ ಬಯಾಲಜಿ ತೆಗೆದುಕೊಳ್ಳದ ಮಗು ಡಾರ್ವಿನ್ ಹೆಸರನ್ನೇ ಸರಿಯಾಗಿ ಕೇಳದೆ ಮುಗಿಸುತ್ತೆ. ಕಾರಣ ಇಲ್ಲದೆ ಪಟ್ಟಿ ಮಾತ್ರ ಉಳಿದರೆ ಐದು ಚೌಕ ಬಿಟ್ಟು ಇನ್ನೇನು ಬರೆಸುವುದು? ನನಗೆ ಸಿಟ್ಟು ಇರುವುದು ಅಲ್ಲಿ.

ಕಪ್ಪೆ ಹುಡುಕುವವ
ಈ ಮಾತಿಗೆ ನೂರಕ್ಕೆ ನೂರು ನಿಮ್ಮ ಕಡೆ.

ಮಂಗಳೂರು ಹುಡುಗ, ಈಗ ಕೋರಮಂಗಲ
ಮೀನು ಒಂದೇ ಗುಂಪಲ್ಲ ಅನ್ನುವುದನ್ನು ಮೀನು ತಿನ್ನುವವರಿಗೆ ಹೇಳಿಕೊಡಬೇಕಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋಗಿ ಒಂದು ಬಂಗುಡೆ, ಒಂದು ತುಂಡು ತೊರಕೆ ತನ್ನಿ. ಬಂಗುಡೆಯಲ್ಲಿ ಗಟ್ಟಿ ಮೂಳೆ, ಗಂಟಲಿಗೆ ಚುಚ್ಚುವ ಮುಳ್ಳು. ತೊರಕೆಯಲ್ಲಿ ಮುಳ್ಳೇ ಇಲ್ಲ, ಬರೀ ಮೃದ್ವಸ್ಥಿ. ಬೆಂದ ಮೇಲೆ ಕಟಕಟ ಅಂತ ಅಗಿದು ನುಂಗಬಹುದು. ಶಾರ್ಕ್ ಕೂಡ ಹಾಗೇ. ಈ ಎರಡು ಕವಲು ಬೇರೆಯಾಗಿ 40 ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ. ಲೆಕ್ಕ ಹಾಕಿ ನೋಡಿ, ಬಂಗುಡೆಗೆ ತೊರಕೆಗಿಂತ ನಾವೇ ಹತ್ತಿರ.

ರಾಜಾಜಿನಗರ ರಾಯರು
ಮೀನಿಗೆ ನಾನು ಹತ್ತಿರದ ನೆಂಟ ಅಂತೀರಾ? ಸರಿ. ಅದನ್ನು ನಮ್ಮ ಹಿರಿಯರು ಯಾವತ್ತೋ ಹೇಳಿದ್ದಾರೆ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ. ನೀರಿನಿಂದ ನೆಲಕ್ಕೆ, ಪ್ರಾಣಿಯಿಂದ ಮನುಷ್ಯನಿಗೆ. ದಶಾವತಾರವೇ ವಿಕಾಸವಾದ.

ಹೆಬ್ಬಾಳ ಹಕ್ಕಿಮನೆ
ರಾಯರೇ, ನಾನೂ ದೇವರಿಗೆ ಕೈಮುಗಿಯುವವಳು. ದಶಾವತಾರ ಭಕ್ತಿಯ ಕಥೆ, ಅದರ ಬೆಲೆ ಅದಕ್ಕೇ ಇದೆ. ಜೀವವಿಕಾಸಕ್ಕೆ ಅದನ್ನು ಹೊಂದಿಸಲು ಹೋದರೆ ಮಕ್ಕಳಿಗೆ ಒಂದು ತಪ್ಪು ಚಿತ್ರ ಸಿಗುತ್ತೆ: ಮೀನು ಕೆಳಗಿನ ಮೆಟ್ಟಿಲು, ಮನುಷ್ಯ ಮೇಲಿನ ಮೆಟ್ಟಿಲು ಅಂತ. ಮೆಟ್ಟಿಲು ಇಲ್ಲವೇ ಇಲ್ಲ. ಇವತ್ತಿನ ಬಂಗುಡೆ ನಮ್ಮ ಪೂರ್ವಜ ಅಲ್ಲ. ಅದೂ ನಮ್ಮಷ್ಟೇ ಕಾಲ ಬದಲಾಗುತ್ತಾ ಬಂದಿದೆ. ಬೆನ್ನುಮೂಳೆ ಪ್ರಾಣಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜಾತಿಗಳು ಮೀನುಗಳೇ. ಅವು ಹಿಂದೆ ಉಳಿದವರಲ್ಲ.

ನೀರಿನಿಂದ ನೆಲಕ್ಕೆ ಬಂದದ್ದಕ್ಕೆ ಕಲ್ಲಿನಲ್ಲೇ ಗುರುತಿದೆ. 2004ರಲ್ಲಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಟಿಕ್ಟಾಲಿಕ್ ಅನ್ನುವ ಪಳೆಯುಳಿಕೆ ಸಿಕ್ಕಿತು. ಸುಮಾರು 37.5 ಕೋಟಿ ವರ್ಷ ಹಳೆಯದು. ಮೀನಿನ ಹಾಗೆ ಹುರುಪೆ, ಈಜುರೆಕ್ಕೆ. ಆದರೆ ಕತ್ತು ತಿರುಗಿಸಬಲ್ಲದು, ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳು. ಆ ವಯಸ್ಸಿನ ಕಲ್ಲು ಎಲ್ಲಿದೆ ಅಂತ ಭೂವಿಜ್ಞಾನದ ನಕ್ಷೆ ನೋಡಿ, ಅಲ್ಲೇ ಹೋಗಿ ಹುಡುಕಿ ತೆಗೆದದ್ದು. ನನಗೆ ಇದರಲ್ಲಿ ಮೈ ಜುಂ ಅನ್ನಿಸುವುದು ಆ ಭಾಗ.

ಬಸವನಗುಡಿ ಅಮ್ಮ
ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಮನೆಯಲ್ಲೇ ಕಣ್ಣಾರೆ ನೋಡುವಂಥದ್ದು ಏನಾದರೂ ಇದೆಯಾ ಅಂತ ಕೇಳುತ್ತಿದ್ದಾಳೆ.

ಮಂಗಳೂರು ಹುಡುಗ, ಈಗ ಕೋರಮಂಗಲ
ಭಾನುವಾರ ಕೋಳಿ ತಂದಾಗ ಅಂಗಡಿಯವನಿಗೆ ರೆಕ್ಕೆ ಕತ್ತರಿಸಬೇಡಿ, ಇಡಿಯಾಗಿ ಕೊಡಿ ಅನ್ನಿ ಅಕ್ಕಾ. ಬೇಯಿಸಿ ಮಾಂಸ ಬಿಡಿಸಿ. ಮೈಗೆ ಅಂಟಿದ ಮೊದಲ ತುಂಡಿನಲ್ಲಿ ಒಂದೇ ಮೂಳೆ. ಅದು ನಮ್ಮ ತೋಳು. ಎರಡನೇ ತುಂಡಿನಲ್ಲಿ ಎರಡು ಮೂಳೆ, ಒಂದು ದಪ್ಪ, ಒಂದು ಸಣ್ಣ, ಮಧ್ಯೆ ಸಂದು. ಅದು ಮೊಣಕೈಯಿಂದ ಮಣಿಕಟ್ಟಿನವರೆಗೆ. ಯಾರೂ ತಿನ್ನದೆ ಬಿಸಾಡುವ ಮೂರನೇ ತುದಿ ಇದೆಯಲ್ಲ, ಅದನ್ನು ನಿಧಾನವಾಗಿ ಬಿಡಿಸಿ. ಬೆರಳುಗಳು ಒಂದಕ್ಕೊಂದು ಬೆಸೆದುಕೊಂಡಿವೆ, ಆದರೆ ಮೇಲಂಚಿನಲ್ಲಿ ಒಂದು ಪುಟ್ಟ ಬೆರಳು ಬೇರೆಯಾಗಿ ಅಲ್ಲಾಡುತ್ತೆ. ಒಟ್ಟು ಮೂರು ಬೆರಳು. ಮಾಂಸ ತಿನ್ನುವ ಡೈನೋಸಾರ್‌ಗಳಲ್ಲಿ ಬಹುಪಾಲಿಗೆ ಕೈಯಲ್ಲಿ ಮೂರೇ ಬೆರಳು.

ಆಮೇಲೆ ಎದೆಯ ಮುಂದೆ ವಿ ಆಕಾರದ ಮೂಳೆ ಹುಡುಕಿ. ಅದು ಟಿ. ರೆಕ್ಸ್‌ಗೂ ಇತ್ತು.

ಹೆಬ್ಬಾಳ ಹಕ್ಕಿಮನೆ
ಆ ಎರಡನೇ ತುಂಡಿನ ದಪ್ಪ ಮೂಳೆಯ ಮೇಲೆ ಅನೇಕ ಹಕ್ಕಿಗಳಲ್ಲಿ ಸಾಲಾಗಿ ಸಣ್ಣ ಗುಬುಟು ಇರುತ್ತೆ. ರೆಕ್ಕೆಯ ದೊಡ್ಡ ಗರಿಗಳು ಅಂಟುವ ಜಾಗ. 2007ರಲ್ಲಿ ವೆಲಾಸಿರ್ಯಾಪ್ಟರ್ ಅನ್ನುವ ಡೈನೋಸಾರ್‌ನ ಮೂಳೆಯಲ್ಲೂ ಅದೇ ಗುಬುಟುಗಳು ಕಂಡವು. ಗರಿ ಕೊಳೆತು ಹೋದರೂ ಅದು ಕೂತಿದ್ದ ಜಾಗ ಕಲ್ಲಿನಲ್ಲಿ ಉಳಿದಿತ್ತು.

ಬಸವನಗುಡಿ ಅಮ್ಮ
ಅಯ್ಯೋ, ನಮ್ಮ ಮನೆಯಲ್ಲಿ ಮೊಟ್ಟೆಯೂ ಬರಲ್ಲ. ಬೇರೆ ದಾರಿ ಹೇಳಿ.

ನಿವೃತ್ತ ಟೀಚರ್, ವಿಜಯನಗರ
ಬೀದಿ ನಾಯಿಯೇ ಸಾಕಾಗುತ್ತೆ ಅಮ್ಮ. ಮಲಗಿರುವಾಗ ಸ್ವಲ್ಪ ದೂರದಿಂದ ಹಿಂಗಾಲು ನೋಡಲಿ. ಮಂಡಿ ಹಿಂದಕ್ಕೆ ಬಾಗಿದೆ ಅಂತ ಮಕ್ಕಳೆಲ್ಲ ಹೇಳುತ್ತಾರೆ. ಅದು ಮಂಡಿ ಅಲ್ಲ, ಹಿಮ್ಮಡಿ. ನಿಜವಾದ ಮಂಡಿ ಮೇಲೆ ಹೊಟ್ಟೆಯ ಹತ್ತಿರ ಇದೆ, ನಮ್ಮ ಹಾಗೇ ಮುಂದಕ್ಕೆ ಬಾಗುತ್ತೆ. ನಾಯಿ ಯಾವಾಗಲೂ ತುದಿಗಾಲಲ್ಲಿ ನಿಂತಿರುತ್ತೆ. ಕುದುರೆ ಇನ್ನೂ ಮುಂದೆ ಹೋಗಿ ಒಂದೇ ಬೆರಳಿನ ಉಗುರಿನ ಮೇಲೆ ನಿಂತಿದೆ. ಇದನ್ನು ಕಂಡ ಮಗು ಮೂಳೆಯ ಲೆಕ್ಕವನ್ನು ಎಂದೂ ಮರೆಯಲ್ಲ. ನಾನು ಪಾಠ ಶುರು ಮಾಡುತ್ತಿದ್ದದ್ದೇ ಇದರಿಂದ.

ಮೂಳೆ ಡಾಕ್ಟ್ರು
ಬೆನ್ನುಮೂಳೆಯ ಚರ್ಚೆಯಲ್ಲಿ ಬೆನ್ನಿನ ಸುದ್ದಿಯೇ ಇಲ್ಲವಲ್ಲ! ನನ್ನ ಹತ್ತಿರ ದಿನಾ ಬರುವವರು ಔಟರ್ ರಿಂಗ್ ರೋಡಿನ ಕಂಪನಿಗಳ ಹುಡುಗರು. ಕಾರಿನಲ್ಲಿ ಕೂತು, ಆಫೀಸಿನಲ್ಲಿ ಕೂತು, ಡಿಸ್ಕ್ ಜಾರಿಸಿಕೊಂಡು ಬರುತ್ತಾರೆ. ಆ ಡಿಸ್ಕಿನ ನಡುವೆ ಲೋಳೆಯಂಥ ಮೆತ್ತನೆಯ ತಿರುಳು ಇದೆ. ಹೊರಗೆ ಚಾಚಿ ನರ ಒತ್ತುವುದು ಅದೇ. ಅದು ಎಲ್ಲಿಂದ ಬಂತು ಗೊತ್ತಾ? ತಾಯಿಯ ಗರ್ಭದಲ್ಲಿ ಬೆನ್ನುಮೂಳೆಗೂ ಮೊದಲು ನಮ್ಮ ಬೆನ್ನುದ್ದಕ್ಕೂ ನೋಟೋಕಾರ್ಡ್ ಅನ್ನುವ ಮೆತ್ತನೆಯ ಕಂಬಿ ಮೂಡುತ್ತೆ. ಮೂಳೆ ಬಂದ ಮೇಲೆ ಅದು ಕರಗಿ ಹೋಗುತ್ತೆ, ಡಿಸ್ಕುಗಳ ನಡುವಿನ ತಿರುಳಾಗಿ ಮಾತ್ರ ಉಳಿಯುತ್ತೆ.

ಈ ಕಂಬಿ ನಮ್ಮೊಬ್ಬರದ್ದಲ್ಲ. ಸಮುದ್ರದ ಮರಳಿನಲ್ಲಿ ಹೂತುಕೊಂಡಿರುವ ಬೆರಳುದ್ದದ ಆಂಫಿಯಾಕ್ಸಸ್‌ಗೆ ಜೀವನವಿಡೀ ಇದೇ ಬೆನ್ನು, ಮೂಳೆ ಬರುವುದೇ ಇಲ್ಲ. ಬಂಡೆಗೆ ಅಂಟಿಕೊಂಡು ಬದುಕುವ ಸಮುದ್ರದ ಚೀಲಪ್ರಾಣಿಗಳಿಗೆ ಮರಿಯಾಗಿದ್ದಾಗ ಬಾಲದಲ್ಲಿ ಈ ಕಂಬಿ ಇರುತ್ತೆ, ದೊಡ್ಡದಾದ ಮೇಲೆ ಕಳೆದುಹೋಗುತ್ತೆ. ಡಿಎನ್‌ಎ ನೋಡಿದರೆ ಆಂಫಿಯಾಕ್ಸಸ್‌ಗಿಂತ ಈ ಚೀಲಪ್ರಾಣಿಗಳೇ ನಮಗೆ ಹತ್ತಿರ. ನೋಡಲು ಮಾತ್ರ ಒಂದು ಒದ್ದೆ ಚೀಲ.

ಬನಶಂಕರಿ ಟೆಕ್ಕಿ
ಡಾಕ್ಟ್ರೇ, ಸೊಂಟದ ಎಲ್4 ಎಲ್5 ಡಿಸ್ಕ್ ನನ್ನದೂ ಜಾರಿದೆ. ಭುಜಂಗಾಸನ ಮಾಡಬಹುದಾ?

ಮೂಳೆ ಡಾಕ್ಟ್ರು
ನೋಡದೆ ಹೇಳಲ್ಲ ಸರ್. ಸ್ಕ್ಯಾನ್ ತೆಗೆದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ.

ಕಲ್ಲುಬಂಡೆ
ನಮ್ಮೂರಲ್ಲಿ ಪಳೆಯುಳಿಕೆ ಎಲ್ಲಿ ನೋಡಬಹುದು ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಲ್ಲಿ ಸಿಗಲ್ಲ. ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಬೆನ್ನುಮೂಳೆಯ ಬಳಗದಲ್ಲಿ ಅತಿ ಹಳೆಯವು ಅಂತ ಸಿಕ್ಕಿರುವ ಪುಟ್ಟ ಮೀನುಗಳು ಚೀನಾದ ಚೆಂಗ್‌ಜಿಯಾಂಗ್‌ನವು, ಸುಮಾರು 52 ಕೋಟಿ ವರ್ಷ. ಅಂದರೆ ಲಾಲ್‌ಬಾಗ್ ಬಂಡೆ ಗಟ್ಟಿಯಾಗಿ ಇನ್ನೂ ಹತ್ತಿರ ಹತ್ತಿರ 250 ಕೋಟಿ ವರ್ಷ ಆದ ಮೇಲೆ ಮೊದಲ ಬೆನ್ನು. ಅದೂ ಅಲ್ಲದೆ ಅದು ನೆಲದ ಆಳದಲ್ಲಿ ಬೆಂದು ಹಿಂಡಿದ ಕಲ್ಲು. ಮೂಳೆ ಉಳಿಯಬೇಕಾದರೆ ಮಣ್ಣು, ಮರಳು ಪದರ ಪದರವಾಗಿ ಕೂರಬೇಕು.

ನಮಗೆ ಹತ್ತಿರ ಅಂದರೆ ತಮಿಳುನಾಡಿನ ಅರಿಯಲೂರು. ಡೈನೋಸಾರ್ ಕಾಲದಲ್ಲಿ ಅಲ್ಲಿ ಸಮುದ್ರ ಇತ್ತು. ಪಳೆಯುಳಿಕೆ ಮ್ಯೂಸಿಯಂ ಇದೆ. ಕಲ್ಲು ಎತ್ತಿಕೊಂಡು ಬರಬೇಡಿ, ಫೋಟೋ ಸಾಕು.

ಕಪ್ಪೆ ಹುಡುಕುವವ
ಪಳೆಯುಳಿಕೆ ಇಲ್ಲದಿದ್ದರೂ ಬೆಂಗಳೂರಿಗೆ ಈ ವಿಷಯದಲ್ಲಿ ದೊಡ್ಡ ಹೆಸರಿದೆ. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಸಿ. ಆರ್. ನಾರಾಯಣ ರಾವ್ ಪಶ್ಚಿಮ ಘಟ್ಟದ ಎಷ್ಟೋ ಕಪ್ಪೆಗಳನ್ನು ಮೊದಲ ಸಲ ಗುರುತಿಸಿ ಬರೆದರು. 1932ರಲ್ಲಿ ಇಲ್ಲೇ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ಹೆಸರಿನಿಂದಲೇ ರಾವೊರ್ಕೆಸ್ಟಿಸ್ ಅಂತ ಇಟ್ಟರು. ಮಳೆಗಾಲದ ರಾತ್ರಿ ಮಲೆನಾಡಿನ ಪೊದೆಗಳಿಂದ ಟಿಕ್ ಟಿಕ್ ಅಂತ ಬರುವ ಸದ್ದಿನಲ್ಲಿ ಇವುಗಳದೂ ಇದೆ.

ಇವುಗಳ ವಿಶೇಷ ಕೇಳಿ. ಗೊದಮೊಟ್ಟೆಯೇ ಇಲ್ಲ. ಮೊಟ್ಟೆಯೊಳಗೇ ಎಲ್ಲ ಮುಗಿಸಿ ಉಗುರಿನಷ್ಟು ಪುಟ್ಟ ಕಪ್ಪೆಯಾಗಿ ಹೊರಗೆ ಬರುತ್ತವೆ. ಅರ್ಧ ಜೀವನ ನೀರು, ಅರ್ಧ ನೆಲ ಅಂತ ಪುಸ್ತಕ ಹೇಳುತ್ತೆ. ಇವು ಕೆರೆಯನ್ನೇ ಕಾಣದೆ ಉಭಯವಾಸಿಗಳು! ಆದರೂ ಗುಂಪು ಅದೇ, ಯಾಕೆಂದರೆ ವಂಶ ಅದೇ. ತೋಟದ ಮಣ್ಣಿನಲ್ಲಿ ಎರೆಹುಳದ ಹಾಗಿರುವ ಕಾಲಿಲ್ಲದ ಇಕ್ತಿಯೋಫಿಸ್ ಕೂಡ ಕಪ್ಪೆಯ ಕಡೆಯದೇ. ಹಾವಿನ ಮರಿ ಅಂತ ಹೊಡೆದು ಸಾಯಿಸುತ್ತಾರೆ. ದಯವಿಟ್ಟು ಬೇಡ.

ಮಡಿಕೇರಿ ತೋಟ
ಹೌದು ಹೌದು. ಮಳೆ ಹಿಡಿದಾಗ ಕಾಫಿ ಗಿಡದ ಬುಡ ಕೆದಕಿದರೆ ಸಿಗುತ್ತೆ. ಮೈಯೆಲ್ಲ ಬಳೆ ಬಳೆ, ಪಕ್ಕದಲ್ಲಿ ಹಳದಿ ಗೆರೆ. ಕಚ್ಚಲ್ಲ, ಪಾಪದ್ದು.

ಮಲ್ಲೇಶ್ವರ 8ನೇ ಕ್ರಾಸ್
ತಿಮಿಂಗಿಲದ ಮಾತು ಬಂತಲ್ಲ, ಅದರಲ್ಲಿ ನಮ್ಮ ದೇಶದ ಒಂದು ಕಥೆ ಇದೆ. ಎ. ರಂಗ ರಾವ್ ಅನ್ನುವ ಭೂವಿಜ್ಞಾನಿ ಜಮ್ಮುವಿನ ಕಡೆ ಕಾಲಾಕೋಟ್‌ನಿಂದ ಮೂಳೆ ತುಂಬಿದ ಕಲ್ಲುಗಳನ್ನು ತಂದು ಇಟ್ಟಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಆ ಕಲ್ಲುಗಳು ಹ್ಯಾನ್ಸ್ ಥ್ಯೂವಿಸ್ಸನ್ ಅನ್ನುವ ವಿಜ್ಞಾನಿಯ ಕೈಗೆ ಬಂದವು. ಕಲ್ಲು ಬಿಡಿಸುವಾಗ ಒಂದು ತಲೆಬುರುಡೆ ಒಡೆಯಿತು, ಒಳಗೆ ಕಿವಿಯ ಮೂಳೆ ಕಂಡಿತು. ಒಂದು ಅಂಚು ದಪ್ಪ, ತಿಮಿಂಗಿಲಗಳಲ್ಲಿ ಇರುವ ಹಾಗೇ. ಪ್ರಾಣಿ ಮಾತ್ರ ಗೊರಸು ಇರುವ, ಬೆಕ್ಕಿನಷ್ಟು ದೊಡ್ಡ ಜೀವಿ. 2007ರಲ್ಲಿ ಇಂಡೋಹ್ಯೂಸ್ ಅನ್ನುವ ಈ ಜೀವಿ ತಿಮಿಂಗಿಲಗಳ ಹತ್ತಿರದ ನೆಂಟ ಅಂತ ಪ್ರಕಟವಾಯಿತು. ಇವತ್ತು ಬದುಕಿರುವವುಗಳಲ್ಲಿ ತಿಮಿಂಗಿಲಕ್ಕೆ ಹತ್ತಿರದ್ದು ನೀರಾನೆ. ಬನ್ನೇರುಘಟ್ಟಕ್ಕೆ ಹೋದಾಗ ನೀರಾನೆಯ ಮುಂದೆ ನಿಂತು ಮಗುವಿಗೆ ಇದನ್ನು ಹೇಳಿ.

ರಾಜಾಜಿನಗರ ರಾಯರು
ಹಕ್ಕಿಮನೆ ಅವರೇ, ಹಾಗಾದರೆ ನಮ್ಮ ಹದ್ದಿಗೂ ಚಾಣಕ್ಕೂ ನೆಂಟಸ್ತಿಕೆ ಇದೆಯೋ ಇಲ್ಲವೋ? ಕೊಕ್ಕು ಬಾಗಿದೆ, ಉಗುರು ಹರಿತ, ಇಬ್ಬರೂ ಬೇಟೆಗಾರರು.

ಹೆಬ್ಬಾಳ ಹಕ್ಕಿಮನೆ
ಒಳ್ಳೆ ಪ್ರಶ್ನೆ ರಾಯರೇ. ಹಿಂದೆ ಒಟ್ಟಿಗೇ ಇಡುತ್ತಿದ್ದರು. 2008ರಲ್ಲಿ ಹಕ್ಕಿಗಳ ಡಿಎನ್‌ಎಯ ದೊಡ್ಡ ಅಧ್ಯಯನ ಬಂದ ಮೇಲೆ ಚಾಣ ಹದ್ದಿನಿಂದ ಬೇರೆಯಾಯಿತು. ಚಾಣಕ್ಕೆ ಹತ್ತಿರ ಯಾರು ಅಂದರೆ ಗಿಳಿ ಮತ್ತು ಗುಬ್ಬಿ, ಕಾಗೆ, ಪಿಕಳಾರಗಳ ಬಳಗ. ಬೇಟೆಗೆ ಬೇಕಾದ ಕೊಕ್ಕು, ಉಗುರು ಎರಡು ಕಡೆ ಬೇರೆ ಬೇರೆಯಾಗಿ ರೂಪುಗೊಂಡವು.

ಬಸವನಗುಡಿ ಅಮ್ಮ
ಮಗಳ ಕೊನೆಯ ಪ್ರಶ್ನೆ: ಆಮೆ ಎಲ್ಲಿ? ಚಾರ್ಟಿನಲ್ಲಿ ಎಲ್ಲಿ ಅಂಟಿಸುವುದು ಅಂತ ಗೊತ್ತಾಗದೆ ಬಿಟ್ಟಿದ್ದಳಂತೆ.

ಕಪ್ಪೆ ಹುಡುಕುವವ
ಜಾಣೆ. ದೊಡ್ಡ ದೊಡ್ಡವರು ಜಗಳ ಆಡಿದ ಜಾಗ ಅದು. ಆಮೆಯ ತಲೆಬುರುಡೆಯಲ್ಲಿ ಕಣ್ಣಿನ ಹಿಂದೆ ಬೇರೆ ಸರೀಸೃಪಗಳಿಗೆ ಇರುವ ಕಿಂಡಿಗಳಿಲ್ಲ. ಅದಕ್ಕೇ ತುಂಬ ಹಳೆಯ ಕವಲು ಅಂತ ಬಹಳ ಕಾಲ ಬೇರೆಯಾಗಿ ಇಟ್ಟಿದ್ದರು. ಡಿಎನ್‌ಎ ಬೇರೆಯದೇ ಹೇಳಿತು: ಆಮೆ ಮೊಸಳೆ ಮತ್ತು ಹಕ್ಕಿಯ ಬಳಗದ ಪಕ್ಕದ ಕೊಂಬೆ. ಕಿಂಡಿ ಆಮೇಲೆ ಮುಚ್ಚಿಹೋದದ್ದು ಅಂತ ಈಗ ಹೆಚ್ಚಿನವರು ಒಪ್ಪುತ್ತಾರೆ.

ಕಲ್ಲುಬಂಡೆ
ನಾನು ಪೂರ್ತಿ ಒಪ್ಪಿಲ್ಲ. ಹಳೆಯ ಪಳೆಯುಳಿಕೆಗಳ ತಲೆಬುರುಡೆ ಇನ್ನಷ್ಟು ಸಿಗಬೇಕು.

ಕಪ್ಪೆ ಹುಡುಕುವವ
ಸಿಗಲಿ. ಡಿಎನ್‌ಎ ಮೇಲಿಂದ ಮೇಲೆ ಒಂದೇ ಉತ್ತರ ಕೊಡುತ್ತಿರುವಾಗ ನಾನು ಅದರ ಕಡೆ. ಪುಟ್ಟೀ, ನೀನು ಮೊಸಳೆ, ಕೋಳಿ ಎರಡೂ ಸೇರುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಒಂದು ಕೊಂಬೆ ಎಳೆದು ಆಮೆ ಅಂಟಿಸು. ಜೊತೆಗೆ ಇದನ್ನೂ ಬರಿ: ಆಮೆಯ ಚಿಪ್ಪು ಕಳಚಿ ಇಡುವ ಕವಚ ಅಲ್ಲ, ಬೆನ್ನುಮೂಳೆ ಮತ್ತು ಪಕ್ಕೆಲುಬು ಅಗಲವಾಗಿ ಬೆಸೆದು ಆದದ್ದು. 2008ರಲ್ಲಿ ಚೀನಾದಿಂದ ವರದಿಯಾದ ಒಡಾಂಟೊಕೆಲಿಸ್ ಅನ್ನುವ ಪಳೆಯುಳಿಕೆ ಆಮೆಗೆ, ಸುಮಾರು 22 ಕೋಟಿ ವರ್ಷ ಹಳೆಯದು, ಹೊಟ್ಟೆಯ ಕಡೆ ಮಾತ್ರ ಪೂರ್ತಿ ಚಿಪ್ಪಿತ್ತು, ಬಾಯಲ್ಲಿ ಹಲ್ಲಿತ್ತು. ನಮ್ಮ ಹೆಗಲಮೂಳೆ ಪಕ್ಕೆಲುಬಿನ ಹೊರಗಿದೆ, ಬೆನ್ನು ಮುಟ್ಟಿ ನೋಡು. ಇವತ್ತಿನ ಆಮೆಗೆ ಅದು ಪಕ್ಕೆಲುಬಿನ ಒಳಗೆ.